ದೊಡ್ಡಮ್ಮನ ಸಾಕ್ಷಿ

ಅನಾಕಿನ ಅಕ್ಕ ನಮ್ಮೂರಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ಎಳ್ಳಿನ ಮೂಟೆಗಳ ನಡುವೆ ಕೂತುಕೊಂಡು. ಗಾಣದ ಯಜಮಾನ ಥಾಕ್ ಎಳ್ಳು ತರಲು ಅನಾಕಿನ ಸಂತೆಗೆ ಹೋದವನು, ಎಳ್ಳನ್ನೂ ತಂದ, ಇವಳನ್ನೂ ತಂದ. ಮೊದಲು ಮೂಟೆ ಇಳಿಸಿ ಆಮೇಲೆ ಇವಳನ್ನು ಇಳಿಸಿದರು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಥಾಕನ ಹೆಂಡತಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಮನೆಗೆ ಎರಡನೆಯವಳು ಬರುವುದು ಆಗ ಯಾರಿಗೂ ಸೋಜಿಗವಾಗಿರಲಿಲ್ಲ. ಮೊದಲನೆಯವಳನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ಇವಳನ್ನು ಹಿರಿಯರು ಅನಾಕಿನವಳು ಎಂದರು, ನಮ್ಮಂಥ ಕಿರಿಯರು ಅನಾಕಿನ ಅಕ್ಕ ಎಂದೆವು.

ಬಂದ ಎರಡನೆಯ ವರ್ಷ ಗಂಡು ಮಗು ಹುಟ್ಟಿತು. ಇಂಗ್ಯು ಎಂದು ಹೆಸರಿಟ್ಟರು. ಬಾಣಂತನ ಮುಗಿಯುತ್ತಲೇ ಮಗುವನ್ನು ದೊಡ್ಡಮ್ಮನ ಒಳಕೋಣೆಗೆ ಒಯ್ದರು. ಹಾಲು ಕುಡಿಸಲು ಮಾತ್ರ ಇವಳನ್ನು ಕರೆಯುತ್ತಿದ್ದರು. ಸರ್ಕಾರದ ಕಣ್ಣಿಗೂ ಊರಿನ ಕಣ್ಣಿಗೂ ಅದು ದೊಡ್ಡಮ್ಮನ ಮಗ. ಮಾತು ಬಂದಾಗ ಹುಡುಗ ದೊಡ್ಡಮ್ಮನನ್ನು "ಅಮ್ಮ" ಎಂದ. ಹೆತ್ತವಳನ್ನು "ಅನಾಕಮ್ಮ" ಎಂದ. ದೊಡ್ಡಮ್ಮ ಹುಡುಗನನ್ನು ಚೆನ್ನಾಗಿಯೇ ಸಾಕಿದಳು. ಆಕೆಯ ನಾಲಿಗೆ ಹರಿತವಾಗಿತ್ತೇ ಹೊರತು ಕೈ ಜಿಪುಣವಾಗಿರಲಿಲ್ಲ.

ನನ್ನ ಗಂಡ ನಮ್ಮೂರ ಕ್ರೈಸ್ತ ಸಭೆಯ ಗಂಟೆ ಬಾರಿಸುತ್ತಿದ್ದ. ನಾವು ಸಭಾಮಂದಿರದ ಹಿಂದಿನ ಕೋಣೆಯಲ್ಲೇ ಇದ್ದೆವು. ಮಂದಿರದ ನೆಲ ಬೆಚ್ಚಗಿಡುವ ನೆಲದಡಿಯ ಒಲೆಗೆ ಸೌದೆ ಇಡುವುದು, ಚಾಪೆ ಹಾಸುವುದು, ದೀಪಕ್ಕೆ ಎಣ್ಣೆ ಹಾಕುವುದು ನನ್ನ ಕೆಲಸ. ನಮ್ಮ ಮಂದಿರ ಬಡಗಿಯ ಮೂಲೆಮಟ್ಟದಂತೆ ಮಡಚಿಕೊಂಡಿತ್ತು. ಒಂದು ತೋಳಿನಲ್ಲಿ ಗಂಡಸರು, ಇನ್ನೊಂದು ತೋಳಿನಲ್ಲಿ ಹೆಂಗಸರು, ಎರಡೂ ಸೇರುವ ಮೂಲೆಯಲ್ಲಿ ಪಾದ್ರಿಗಳು. ಅವರಿಗೆ ಇಬ್ಬರೂ ಕಾಣುತ್ತಿದ್ದರು, ನಾವು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ದೀಪದ ಎಣ್ಣೆ ಗಾಣದ ಮನೆಯಿಂದ ಬರುತ್ತಿತ್ತು. ತಂದುಕೊಡುತ್ತಿದ್ದವಳು ಅನಾಕಿನ ಅಕ್ಕ. ಒಂದು ಬುಧವಾರ ಆಕೆ ಎಣ್ಣೆಯ ಮಡಕೆ ಇಟ್ಟು ಹೊರಟವಳು ಕಾಗದದ ಕಿಟಕಿಯ ಹೊರಗೆ ನಿಂತುಬಿಟ್ಟಳು. ಒಳಗೆ ಪಾದ್ರಿಗಳು ಒಬ್ಬ ದಾಸಿಯ ಕಥೆ ಹೇಳುತ್ತಿದ್ದರು. ಯಜಮಾನಿಗೆ ಮಕ್ಕಳಿಲ್ಲವೆಂದು ಯಜಮಾನನಿಗೆ ಒಪ್ಪಿಸಿದ ದಾಸಿ. ಹೆತ್ತ ಮೇಲೆ ಮಗುವಿನ ಸಮೇತ ಹೊರಗೆ ಹಾಕಿಸಿಕೊಂಡವಳು. ನೀರಿಲ್ಲದ ಬಯಲಿನಲ್ಲಿ ಮಗುವನ್ನು ಪೊದೆಯ ಕೆಳಗಿಟ್ಟು, ಅದು ಸಾಯುವುದನ್ನು ನೋಡಲಾರೆ ಎಂದು ದೂರ ಹೋಗಿ ಕೂತವಳು. ಆಗ ದೇವರು ಅವಳನ್ನು ಮಾತಾಡಿಸಿದನಂತೆ. ಅಕ್ಕನ ಕಿವಿ ಕಿಟಕಿಗೆ ಅಂಟಿಕೊಂಡಿತ್ತು.

ಅತ್ತೆ ಹೊರಗೆ ಬಂದು, "ಒಳಗೆ ಬಾರೇ, ಹೊರಗ್ಯಾಕೆ ಹಿಮ ತಿಂತಾ ನಿಂತಿದೀಯ?" ಎಂದರು.

"ಎರಡನೆಯವರು ಒಳಗೆ ಕೂರಬಹುದಾ?"

"ಒಳಗೆ ಚಳಿಗೆ ಒಂದನೆಯವರೂ ಎರಡನೆಯವರೂ ಒಂದೇ ಥರ ನಡುಗ್ತಾರೆ. ಬಾ, ನೀನೂ ನಡುಗು."

ಹಾಗೆ ಬಂದವಳು ಮತ್ತೆ ಬಿಡಲಿಲ್ಲ. ಎಳ್ಳು ಹುರಿಯುವ ಒಲೆಯ ಬೂದಿ ಹರಡಿ, ಸೌದೆಯ ತುದಿಯಲ್ಲಿ ಅಕ್ಷರ ಕಲಿತಳು. ನನಗಿಂತ ಬೇಗ ಕಲಿತಳು. ಸಭೆಗೆ ಹೊಸದಾಗಿ ಸೇರುವವರು ಮೊದಲು ಕಲಿಯುವವರ ಸಾಲಿನಲ್ಲಿ ಕೂರಬೇಕು. ಆಮೇಲೆ ಹಿರಿಯರು ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿಯಿದ್ದು, ಬಾಳೂ ಸರಿಯಿದೆ ಎನ್ನಿಸಿದರೆ ದೀಕ್ಷಾಸ್ನಾನ. ಅಕ್ಕನ ಉತ್ತರಗಳೆಲ್ಲ ಸರಿಯಿದ್ದವು.

ನಮ್ಮ ಸಭೆಯ ಹಿರಿಯ ಪಾಂಗ್ ನಾರುಬೇರಿನ ಮದ್ದು ಮಾರುತ್ತಿದ್ದವರು. ಮಾತನ್ನೂ ಮದ್ದಿನ ಹಾಗೆ ತೂಗಿಯೇ ಕೊಡುತ್ತಿದ್ದರು. ಅವರು, "ಅನಾಕಿನವಳೇ, ನಿನಗೆ ಎಲ್ಲಾ ಬರುತ್ತೆ. ಆದ್ರೆ ಇನ್ನೊಬ್ಬಳ ಗಂಡನ ಮನೇಲಿ ಎರಡನೆಯವಳಾಗಿರೋತನಕ ನೀರು ಹಾಕೋ ಹಾಗಿಲ್ಲ. ಆ ಮನೆ ಬಿಟ್ಟು ಬಾ," ಎಂದರು.

"ಮಗ?"

"ಮಗ ಥಾಕ್ ಮನೆಯವನು."

ಅಕ್ಕ ಎದ್ದು ನಮಸ್ಕರಿಸಿ ಹೋದಳು. ಮನೆ ಬಿಡಲಿಲ್ಲ. ಆದರೆ ಅವತ್ತಿನಿಂದ ಥಾಕನ ಕೋಣೆಗೆ ಹೋಗುವುದನ್ನು ಬಿಟ್ಟಳು. ಎಳ್ಳು ಹುರಿಯುವ ಕೊಟ್ಟಿಗೆಯಲ್ಲಿ, ಒಲೆಯ ಪಕ್ಕ ಚಾಪೆ ಹಾಸಿಕೊಂಡಳು. ಥಾಕ್ ಹಿತ್ತಾಳೆ ಬಟ್ಟಲು ಎಸೆದ, ಹುಬ್ಬು ಸೀಳಿತು. ಇನ್ನೊಮ್ಮೆ ಹಿಮದ ಮೇಲೆ ಎಳೆದುಕೊಂಡು ಹೋದ. ಆಮೇಲೆ ಅವನಿಗೂ ಸಾಕಾಯಿತು. ಹೊಳೆದಡದ ಸಾರಾಯಿ ಅಂಗಡಿಯಲ್ಲಿ ಅವನಿಗೆ ಕಾಲ ಕಳೆಯಲು ಒಬ್ಬಳು ಸಿಕ್ಕಿದಳು. ದೊಡ್ಡಮ್ಮ ಎಲ್ಲವನ್ನೂ ನೋಡಿದಳು. "ಕೊಟ್ಟಿಗೇಲಿ ಮಲಗಿ ದೇವರಾಗ್ತಾಳಂತೆ" ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡಳು. ಆದರೂ ಚಳಿ ಹೆಚ್ಚಾದ ದಿನ ಹಳೆಯ ಹತ್ತಿಯ ಹೊದಿಕೆಯೊಂದನ್ನು ಕೊಟ್ಟಿಗೆಯ ಬಾಗಿಲಿಗೆ ಎಸೆದು ಹೋದಳು.

ಹೀಗೆ ವರ್ಷಗಳು ಕಳೆದವು. ಪ್ರತಿ ವಸಂತಕ್ಕೂ ಪ್ರತಿ ಶರತ್ತಿಗೂ ಪರೀಕ್ಷೆ ನಡೆಯುತ್ತಿತ್ತು. ಅಕ್ಕನ ಹಿಂದೆ ಬಂದವರೆಲ್ಲ ಅವಳನ್ನು ದಾಟಿ ಮುಂದೆ ಹೋದರು. ಅವಳೇ ಅಕ್ಷರ ಕಲಿಸಿದ ಹುಡುಗಿಯರು ಸಹ. ಆಕೆ ಕಲಿಯುವವರ ಸಾಲಿನಲ್ಲೇ, ಕೆರ ಬಿಡುವ ಬಾಗಿಲ ಹತ್ತಿರ ಕೂರುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಗಾಳಿ ಮೊದಲು ಅವಳಿಗೇ ಬಡಿಯುತ್ತಿತ್ತು.

"ಬೇಜಾರಾಗಲ್ವಾ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಆಗುತ್ತೆ ಕಣೆ. ಮನೇಲೂ ಬಾಗಿಲ ಹತ್ರ, ಇಲ್ಲೂ ಬಾಗಿಲ ಹತ್ರ. ಸತ್ತಮೇಲೆ ಅಲ್ಲೂ ಬಾಗಿಲ ಹತ್ರ ಕೂರಿಸ್ತಾರೇನೋ," ಎಂದಳು. ನಗಲಿಲ್ಲ.

ಯುದ್ಧಕ್ಕೆಂದು ನಮ್ಮನ್ನು ಆಳುತ್ತಿದ್ದ ಜಪಾನಿನವರು ನಮ್ಮ ಗಂಟೆಯನ್ನು ಬಿಚ್ಚಿಕೊಂಡು ಹೋದರು. ಮಂದಿರದಲ್ಲಿ ಹುಲ್ಲಿನ ಚೀಲ ತುಂಬಿಸಿದರು. ಅವರು ಸೋತು ಹೋದ ವರ್ಷ ನಾವು ಚೀಲಗಳನ್ನು ಹೊರಗೆಸೆದು ನೆಲ ತೊಳೆದೆವು. ಗಂಟೆಯ ಬದಲು ನನ್ನ ಗಂಡ ರೈಲು ಕಂಬಿಯ ತುಂಡನ್ನು ತೂಗುಹಾಕಿ ಸುತ್ತಿಗೆಯಿಂದ ಬಾರಿಸಿದ. ಆ ಶರತ್ತಿನಲ್ಲಿ ದೀಕ್ಷಾಸ್ನಾನಕ್ಕೆ ಎಂದೂ ಇಲ್ಲದಷ್ಟು ಜನ ಸೇರಿದರು. ಓಕ್ ಪಾದ್ರಿಗಳು ಹೊಸದಾಗಿ ಬಂದಿದ್ದರು. ಹಿರಿಯ ಪಾಂಗರಿಗೂ ಕೂದಲು ಬೆಳ್ಳಗಾಗಿತ್ತು. ಇಬ್ಬರೂ ಕೂತು ಅಕ್ಕನ ವಿಷಯ ಮಾತಾಡಿದರು. ನಾನು ಅವರ ಕೋಣೆಯ ನೆಲದಡಿ ಸೌದೆ ತಳ್ಳುತ್ತಿದ್ದೆ, ಎಲ್ಲವೂ ಕೇಳಿಸಿತು.

"ಬೇರೆ ಮಲಗ್ತಾಳೆ ಅಂತ ಊರೇ ಹೇಳುತ್ತೆ," ಎಂದರು ಪಾದ್ರಿಗಳು.

"ಊರು ಏನು ಬೇಕಾದ್ರೂ ಹೇಳುತ್ತೆ ಪಾದ್ರಿಗಳೇ. ಥಾಕ್ ಮಾತು ಕುಡುಕನ ಮಾತು. ಆ ಮನೆಯ ಒಳಗು ಗೊತ್ತಿರೋಳು ಒಳಕೋಣೆಯವಳು ಒಬ್ಬಳೇ. ಅವಳು ಬಂದು ಹೌದು, ಇವಳು ನನ್ನ ಗಂಡನ ಕೋಣೆಗೆ ಹೋಗಲ್ಲ ಅನ್ಲಿ. ಸಾಕು. ಮಗನ ಸಂಗಡ ಅದೇ ಮನೇಲೇ ಇರ್ಲಿ, ನಾನು ಅಡ್ಡ ಬರಲ್ಲ."

ಕಲ್ಲಿನಂಥ ಹಿರಿಯರು ಇಷ್ಟು ಬಿಟ್ಟುಕೊಟ್ಟರಲ್ಲ ಎಂದು ನಾನು ಕೈ ಮಸಿಯನ್ನೂ ಒರೆಸಿಕೊಳ್ಳದೆ ಗಾಣದ ಮನೆಗೆ ಓಡಿದೆ. ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನಗಳು ಅವು. ಅಂಗಳದ ತುಂಬ ಕೋಸು. ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕೂತು ಕೋಸಿನ ಎಲೆ ಎಲೆಗೆ ಉಪ್ಪು ಸವರುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಅಕ್ಕ ಕೈಲಿದ್ದ ಕೋಸಿಗೆ ಉಪ್ಪು ಸವರಿ ಮುಗಿಸಿದಳು. ಆಮೇಲೆ ಉಪ್ಪಿನ ಕೈಯಲ್ಲೇ ದೊಡ್ಡಮ್ಮನ ಕಡೆ ತಿರುಗಿದಳು.

"ದೊಡ್ಡಮ್ಮ, ಒಂದು ಮಾತು ಹೇಳಿ ಬರ್ತೀರಾ?"

"ಏನು? ನಾನು ಬಂದು ಗಡ್ಡದ ಗಂಡಸರ ಮುಂದೆ ನನ್ನ ಗಂಡನ ಹಾಸಿಗೆ ಸುದ್ದಿ ಒಪ್ಪಿಸ್ಬೇಕಾ?"

"ಒಂದೇ ಮಾತು. ಇವಳು ಹೋಗಲ್ಲ ಅಂತ."

"ಆಮೇಲೆ?"

"ಆಮೇಲೆ ಏನಿಲ್ಲ. ನೀರು ಹಾಕ್ತಾರೆ."

"ಆಮೇಲೆ ನೀನು ಅವರವಳು." ದೊಡ್ಡಮ್ಮ ಕೋಸನ್ನು ಹಂಡೆಗೆ ಕುಕ್ಕಿದಳು. "ನೀರು ಹಾಕಿಸ್ಕೊಂಡ ಮೇಲೆ ನಿನ್ನನ್ನ ಪಟ್ಟಣದಲ್ಲಿ ಹೆಂಗಸರಿಗೆ ಸತ್ಯವೇದ ಕಲಿಸೋ ಶಾಲೆಗೆ ಕಳಿಸ್ತಾರಂತೆ. ಪಾಂಗನ ಹೆಂಡ್ತಿ ಹೊಳೇಲಿ ಬಟ್ಟೆ ಒಗೀತಾ ಹೇಳ್ತಿದ್ಲು. ಇಂಥ ಜಾಣೆ ಗಾಣದಲ್ಲಿ ಕೊಳೀಬಾರದಂತೆ."

"ನಾನು ಎಲ್ಲಿಗೂ ಹೋಗಲ್ಲ ದೊಡ್ಡಮ್ಮ."

"ಹೋಗೋರು ಯಾರೂ ಹೇಳಿ ಹೋಗಲ್ಲ. ಉಪ್ಪು ಸರಿಯಾಗಿ ಹಚ್ಚು, ಬುಡಕ್ಕೆ ತಾಗಿಲ್ಲ."

ಆದರೆ ಪರೀಕ್ಷೆಯ ದಿನ ದೊಡ್ಡಮ್ಮ ಬಂದಳು. ಗಂಜಿ ಹಾಕಿ ಬಡಿದ ಬಿಳಿ ಲಂಗ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಂದಳು. ಅವಳನ್ನು ನೋಡಿ ಅಕ್ಕನ ಮುಖಕ್ಕೆ ಕಳೆ ಬಂತು. ಆಕೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇಬ್ಬರೂ ಹಿರಿಯರ ಕೋಣೆಗೆ ಹೋದರು. ನಾನು ಒಲೆಯ ಬಾಯಿಯ ಹತ್ತಿರ ಕೂತು ಕಿವಿಗೊಟ್ಟೆ.

ಹಿರಿಯರು ಕೇಳಿದರು. ದೊಡ್ಡಮ್ಮ ತಡಮಾಡದೆ ಹೇಳಿದಳು: "ಹೋಗ್ತಾಳೆ. ಈಗಲೂ ಹೋಗ್ತಾಳೆ."

ಒಳಗೆ ಯಾರೋ ಕೆಮ್ಮಿದರು. ಪಾದ್ರಿಗಳು, "ಅನಾಕಿನ ತಂಗಿ, ಇದು ನಿಜವಾ?" ಎಂದರು.

ಸೌದೆ ಚಟಪಟ ಎಂದಿತು. ಕೊನೆಗೆ ಅಕ್ಕನ ದನಿ ಕೇಳಿಸಿತು.

"ದೊಡ್ಡಮ್ಮ ಹೇಳಿಯಾದ ಮೇಲೆ ನನ್ನನ್ನ ಕೇಳಬೇಡಿ."

ಹೊರಗೆ ಬಂದಾಗ ಅಕ್ಕ ಬಗ್ಗಿ ದೊಡ್ಡಮ್ಮನ ಕೆರಗಳನ್ನು ಮೆಟ್ಟಲು ಅನುಕೂಲವಾಗುವಂತೆ ತಿರುಗಿಸಿಟ್ಟಳು. ದಿನವೂ ಮಾಡುವ ಕೆಲಸ, ಕೈ ತನ್ನಷ್ಟಕ್ಕೆ ಮಾಡಿತು. ದೊಡ್ಡಮ್ಮ ಮುಂದೆ, ಇವಳು ಹಿಂದೆ, ಇಬ್ಬರೂ ಮನೆಗೆ ಹೋದರು.

ಎರಡು ದಿನ ಬಿಟ್ಟು ಅವಳು ಎಣ್ಣೆ ತಂದಾಗ ನಾನು ಜಗಳಕ್ಕೇ ನಿಂತೆ. "ಸುಳ್ಳು ಅಂತ ಹೇಳೋಕೆ ಏನಾಗಿತ್ತು ನಿನಗೆ? ಇಷ್ಟು ವರ್ಷ ಕಾದದ್ದು ಇದಕ್ಕಾ?"

"ಸುಳ್ಳು ಅಂದಿದ್ರೆ ಅವರು ಸುಳ್ಳುಗಾರ್ತಿ ಆಗ್ತಿದ್ರು, ಊರಿನ ಗಂಡಸರ ಮುಂದೆ. ಇಂಗ್ಯು ಅಮ್ಮ ಅಂತ ಕರೆಯೋದು ಅವರನ್ನೇ ಕಣೆ. ಹುಡುಗನಿಗೆ ಮದುವೆ ವಯಸ್ಸು." ಎಣ್ಣೆಯ ಮಡಕೆ ಕೆಳಗಿಟ್ಟು ಹೇಳಿದಳು: "ನಾನೇನು ಒಳ್ಳೆಯವಳಾಗಿ ಸುಮ್ಮನಿದ್ದೆ ಅಂದ್ಕೋಬೇಡ. ನಿನ್ನೆ ಬೆಳಿಗ್ಗೆ ಅವರ ಕೋಣೆ ಒಲೆಗೆ ಸೌದೆ ಹಾಕ್ತಾ ಇದ್ದೆ. ಇನ್ನೂ ಹಾಕು, ಇನ್ನೂ ಹಾಕು, ನೆಲ ಕಾದು ಹಾಸಿಗೆ ಸಮೇತ ಸುಟ್ಟುಹೋಗ್ಲಿ ಅನ್ನಿಸ್ತು. ಕೈ ಕಟ್ಟಿಕೊಂಡು ಎದ್ದು ಬಂದೆ."

ಆ ಚಳಿಗಾಲ ಆಕೆ ಸಭೆಗೆ ಬಂದಳು, ಅದೇ ಬಾಗಿಲ ಹತ್ತಿರ ಕೂತಳು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎನ್ನುವ ಸಾಲು ಬಂತೆಂದರೆ ಆಕೆಯ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸಾಲು ದಾಟಿದ ಮೇಲೆ ಮತ್ತೆ ತೆರೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು. ಯಾಕೆ ಎಂದು ಕೇಳಲಿಲ್ಲ. ಹೇಳದೆ ಬಿಡುವುದೂ ಒಂದು ಪ್ರಾಮಾಣಿಕತೆ ಎಂದು ಅತ್ತೆ ಹೇಳಿದರು.

ವಸಂತದಲ್ಲಿ ಹೊಸ ಸರ್ಕಾರದವರು ಉಳ್ಳವರ ಹೊಲಗಳನ್ನು ಕಿತ್ತು ಹಂಚಿದರು. ಗಾಣಕ್ಕೆ ಕಾಗದ ಅಂಟಿಸಿ ಮುಚ್ಚಿದರು. ಮುಂದಿನ ಸರದಿ ತನ್ನದೇ ಎಂದು ಥಾಕನಿಗೆ ಗೊತ್ತಾಯಿತು. ಉಪ್ಪುಸೀಗಡಿ ತರುತ್ತೇವೆ ಎಂದು ಊರಿಗೆ ಹೇಳಿ ಮಗನನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟುಹೋದ. "ಜನ ಕಳಿಸ್ತೀನಿ, ಹಿಂದಿನಿಂದ ಬನ್ನಿ" ಎಂದನಂತೆ. ಯಾವ ಜನವೂ ಬರಲಿಲ್ಲ. ದೇಶವನ್ನು ಎರಡಾಗಿ ಸೀಳಿದ ಗಡಿ ಬಿಗಿಯಾಯಿತು. ದೊಡ್ಡಮ್ಮ ಬೇಸಗೆಯೆಲ್ಲ ಹೆಬ್ಬಾಗಿಲ ಹೊಸ್ತಿಲ ಮೇಲೆ ಕೂತು ದಾರಿ ನೋಡಿದಳು. ಮಳೆಗಾಲದ ಒಂದು ಬೆಳಿಗ್ಗೆ ಸೋಯಾ ಹುದುಗಿಸುವ ಜಾಡಿಗಳ ಮುಚ್ಚಳ ತೆಗೆಯಲು ಹೋದವಳು ಅಲ್ಲೇ ಬಿದ್ದಳು. ಬಲಗೈ ಬಲಗಾಲು ಸತ್ತವು. ನಾಲಿಗೆ ಮಾತ್ರ ಉಳಿಯಿತು. "ಬೇಡದ್ದೇ ಉಳ್ಕೊಂಡಿತು" ಎಂದು ಆಕೆಯೇ ಹೇಳಿಕೊಂಡಳು.

ದೊಡ್ಡ ಮನೆಯಲ್ಲಿ ಬೇರೆಯವರನ್ನು ತಂದಿರಿಸಿದರು. ಹುರಿಯುವ ಕೊಟ್ಟಿಗೆಯೊಂದೇ ಇವರಿಗೆ ಉಳಿಯಿತು. ಅಲ್ಲಿ ಅಕ್ಕ ದೊಡ್ಡಮ್ಮನನ್ನು ಮಲಗಿಸಿ ಮೈ ಒರೆಸುತ್ತಿದ್ದಳು, ಹೊರಳಿಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು. ಹಗಲು ಇತರರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನವಣೆಗೆ ಎಳ್ಳಿನ ಹಿಂಡಿ ಬೆರೆಸಿ ತಿನ್ನುತ್ತಿದ್ದರು.

ಹಿರಿಯ ಪಾಂಗ್ ಮದ್ದು ಕೊಡುವ ನೆಪದಲ್ಲಿ ಬಂದು, "ತಾಯಿ, ಅವತ್ತು ಹೇಳಿದ ಮಾತು ಖರೇನಾ? ನಿಮ್ಮ ಗಂಡ ಇನ್ನೂ ಜೀವಂತ ಇದಾನೆ, ನಿಮ್ಮ ಮಾತು ಇನ್ನೂ ನಿಂತೇ ಇದೆ. ತೆಗೀಬೇಕಾದ್ರೆ ನೀವೇ ತೆಗೀಬೇಕು," ಎಂದರು.

ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ನಾನು ಸತ್ತಮೇಲೆ ಇವಳು ಎರಡನೆಯವಳಲ್ಲ, ಏನು ಬೇಕಾದ್ರೂ ಮಾಡ್ಕೊಳ್ಳಿ. ಕೊಡ ಕೊಡ ನೀರು ಸುರೀರಿ. ಎಷ್ಟು ದಿನ ಇದ್ದೇನು?"

ಆ ಮಾತು ಅಕ್ಕನ ಒಳಗೆ ಹೊಕ್ಕು ಕೂತಿತು. ನಾನು ಅದನ್ನು ಮೊದಲು ಅರಿಯಲಿಲ್ಲ. ಒಂದು ಬೆಳಿಗ್ಗೆ ಅವಳು ನಮ್ಮ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು.

"ಏನಾಯ್ತು ಅಕ್ಕ? ದೊಡ್ಡಮ್ಮ..."

"ಬದುಕಿದ್ದಾರೆ. ಗಂಜಿ ನೆತ್ತಿಗೇರಿತು. ಕಣ್ಣು ಮೇಲಾಯ್ತು. ಬೆನ್ನು ಗುದ್ದಬೇಕಲ್ಲ, ನನ್ನ ಕೈ ಏಳಲಿಲ್ಲ. ನಿಂತು ನೋಡಿದೆ ಕಣೆ. ಇದೇ ಇರಬಹುದು, ಇವತ್ತೇ ಇರಬಹುದು ಅಂತ ನೋಡಿದೆ."

"ಆಮೇಲೆ ಗುದ್ದಿದ್ಯಲ್ಲ?"

"ಆಮೇಲೆ ಗುದ್ದಿದೆ." ಮುಖ ಮುಚ್ಚಿಕೊಂಡಳು. "ದಿನಾ ಉಸಿರು ನೋಡ್ತೀನಿ. ಬೆಳಿಗ್ಗೆ ಎದ್ದ ಕೂಡ್ಲೇ ಮೊದಲು ಅವರ ಎದೆ ನೋಡ್ತೀನಿ. ಚೆನ್ನಾಗಿ ನೋಡ್ಕೋತಾಳೆ ಅಂತ ಜನ ಹೊಗಳ್ತಾರೆ. ನಾನು ನೋಡೋದು ಏನು ಅಂತ ಅವರಿಗೇನು ಗೊತ್ತು? ದೇವರ ನೀರಿಗೋಸ್ಕರ ಒಬ್ಬಳ ಸಾವು ಕಾಯ್ತಾ ಇದೀನಿ."

ಅವತ್ತು ಅಲ್ಲಿಂದಲೇ ಎದ್ದು ಹಿರಿಯ ಪಾಂಗರ ಮದ್ದಿನ ಅಂಗಡಿಗೆ ಹೋದಳು. ನಾನೂ ಹಿಂದೆ ಹೋದೆ. ಅವರು ಬೇರು ಕೊಚ್ಚುತ್ತಿದ್ದರು.

"ಹಿರಿಯರೇ, ಇನ್ನು ಮೇಲೆ ಪರೀಕ್ಷೆಗೆ ನನ್ನನ್ನ ಕರೀಬೇಡಿ. ದೊಡ್ಡಮ್ಮ ಸತ್ತ ಮೇಲೂ ಕರೀಬೇಡಿ. ನನಗೆ ನೀರು ಬೇಡ."

ಪಾಂಗ್ ಕತ್ತಿ ಕೆಳಗಿಟ್ಟರು. "ಬೇಡ ಅನ್ನೋದು ಪಾಪ, ಅನಾಕಿನವಳೇ."

"ಬೇಕು ಅಂತ ಇದ್ರೆ ಅವರು ಸಾಯ್ಲಿ ಅನ್ನಿಸುತ್ತೆ. ಅದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿಲ್ಲ. ದೇವರಿಗೆ ನಾನು ಬೇಕಾದ್ರೆ ಒಣಗಿದ ಹಾಗೇ ತಗೊಳ್ಳಲಿ."

ಆ ಮನುಷ್ಯ ಏನನ್ನೂ ತೂಗಲಾರದೆ ಕೂತದ್ದನ್ನು ನಾನು ಅವತ್ತು ನೋಡಿದೆ. ಬಾಗಿಲವರೆಗೂ ಬಂದು ಅವಳನ್ನು ಕಳಿಸಿಕೊಟ್ಟರು. ಎರಡನೆಯವಳೊಬ್ಬಳನ್ನು ಹಾಗೆ ಕಳಿಸಿಕೊಡುವ ವಾಡಿಕೆ ನಮ್ಮಲ್ಲಿ ಇರಲಿಲ್ಲ.

ಆ ಭಾನುವಾರ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಪಕ್ಕದಿಂದ ದನಿ ಬಂತು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರು ಅನ್ನದ ಉಂಡೆ ನುಂಗುವ ಹಾಗೆ ಒಂದೊಂದೇ ಮಾತು ನುಂಗಿ ನುಂಗಿ ಹೇಳಿದಳು. ಅದರಿಂದ ಅವಳ ಮುಖವೇನೂ ಬೆಳಗಲಿಲ್ಲ. ಮುಂದಿನ ವಾರವೂ ಹಾಗೆಯೇ ಕಷ್ಟಪಟ್ಟು ಹೇಳಿದಳು. ಅದರ ಮುಂದಿನ ವಾರವೂ.

ಕೊಟ್ಟಿಗೆಯಲ್ಲಿ ಮಾತ್ರ ಏನೋ ಬದಲಾಗಿತ್ತು. ಹೇಗೆ ಎಂದು ಹೇಳಲಾರೆ. ಇಬ್ಬರೂ ಮೊದಲಿಗಿಂತ ಹೆಚ್ಚು ಜಗಳವಾಡುತ್ತಿದ್ದರು.

"ಇದೇನು ಗಂಜಿಯಾ, ಪಾತ್ರೆ ತೊಳೆದ ನೀರಾ?"

"ಪಾತ್ರೆ ತೊಳೆದ ನೀರು. ಕುಡೀರಿ. ಗಂಜಿ ನಾಳೆ."

"ನಿನ್ನ ದೇವರಿಗೆ ಹೇಳು, ಈ ಕಾಲಿಗೆ ಸ್ವಲ್ಪ ಎಣ್ಣೆ ಹಚ್ಚಿ ಹೋಗ್ಲಿ ಅಂತ."

"ಅವನು ನನ್ನನ್ನೇ ಕಳಿಸಿದಾನೆ. ಕಾಲು ಚಾಚಿ."

ಕಾಲ ಕೆಟ್ಟಿತು. ಸರ್ಕಾರದವರು ಭಾನುವಾರವೇ ಊರಕೂಟ ಕರೆದರು, ಭಾನುವಾರವೇ ಬಿಟ್ಟಿ ಕೆಲಸ ಮಾಡಿಸಿದರು. ಸಭೆಗೆ ಬರುವವರು ಕಡಿಮೆಯಾದರು. ಮತ್ತೆ ಯುದ್ಧ ಬಂದ ಬೇಸಗೆಯಲ್ಲಿ ಪಾದ್ರಿಗಳು ಬೆಟ್ಟದಲ್ಲಿ ಗೆಣಸು ಹೂತಿಡುವ ಗುಳಿಯಲ್ಲಿ ಅಡಗಿದರು. ಅವರಿಗೆ ಅನ್ನ ಒಯ್ದವರಲ್ಲಿ ಅಕ್ಕನೂ ಒಬ್ಬಳು. ಶರತ್ತಿನಲ್ಲಿ ದಕ್ಷಿಣದ ಸೈನ್ಯ ಬಂತು, ಪಾದ್ರಿಗಳು ಹೊರಗೆ ಬಂದರು, ಕಂಬಿಯ ತುಂಡು ಮತ್ತೆ ಮೊಳಗಿತು. ಹಿಮ ಬೀಳುವ ಹೊತ್ತಿಗೆ ಅದೇ ಸೈನ್ಯ ಹಿಂದಕ್ಕೆ ಓಡತೊಡಗಿತು. ಸಭೆಯವರು ಉಳಿದರೆ ಬದುಕಲಾರರು ಎಂದು ಎಲ್ಲರಿಗೂ ಗೊತ್ತಿತ್ತು. ಸಮುದ್ರದ ದಡಕ್ಕೆ ನಡೆದು ದೋಣಿ ಹತ್ತಬೇಕು. ಮರುದಿನ ಬೆಳಿಗ್ಗೆಯೇ ಹೊರಡಬೇಕು.

ನನ್ನ ಗಂಡ ಬೆನ್ನಿಗೆ ಹೊರುವ ಮರದ ಚೌಕಟ್ಟಿನ ಮೇಲೆ ತನ್ನ ತಾಯಿಯನ್ನು ಕೂರಿಸಿಕೊಂಡ. ನನ್ನ ಬೆನ್ನಿಗೆ ಮಗು, ತಲೆಯ ಮೇಲೆ ಅಕ್ಕಿ. ಪ್ರತಿಯೊಬ್ಬರ ಬೆನ್ನೂ ತುಂಬಿತ್ತು. ಇನ್ನೊಬ್ಬ ಮುದುಕಿಯನ್ನು ಹೊರಲು ಬೆನ್ನು ಉಳಿದಿರಲಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಗಾಣದ ಮನೆಯ ಮುಂದೆ ಬಂದಾಗ ಸಾಲು ತಾನಾಗಿ ನಿಂತಿತು. ಅಕ್ಕ ಅಂಗಳದಲ್ಲಿ ಸೌದೆ ಸೀಳುತ್ತಿದ್ದಳು.

"ಅಕ್ಕ, ನಡಿ," ಎಂದೆ. ಬೇರೆ ಏನು ಹೇಳಲಿ?

"ನೀವು ಹೊರಡಿ. ದೊಡ್ಡಮ್ಮನಿಗೆ ಇನ್ನೂ ಏನೂ ಕೊಟ್ಟಿಲ್ಲ."

ಕೊಟ್ಟಿಗೆಯೊಳಗಿಂದ ದೊಡ್ಡಮ್ಮನ ದನಿ ಬಂತು. "ಯಾರದು? ಪಾದ್ರಿ ಇದಾನಾ? ಬಾಗಿಲು ತೆಗೀರಿ!"

ಪಾದ್ರಿಗಳು ಬಾಗಿಲು ಸರಿಸಿದರು. ದೊಡ್ಡಮ್ಮ ಎಡಗೈ ಊರಿ ಅರ್ಧ ಎದ್ದು ಕೂತಿದ್ದಳು.

"ಪಾದ್ರಿ, ಕೇಳು. ಪಾಂಗ್, ನೀನೂ ಕೇಳು. ಅವತ್ತು ನಾನು ಹೇಳಿದ್ದು ಸುಳ್ಳು. ಈ ಕೊಟ್ಟಿಗೇಲಿ ಮಲಗೋಕೆ ಬಂದಮೇಲೆ ಇವಳು ಒಂದು ದಿನಾನೂ ನನ್ನ ಗಂಡನ ಕೋಣೆ ಹೊಸ್ತಿಲು ತುಳಿದಿಲ್ಲ. ನೀರು ಕೊಟ್ರೆ ನೀವು ಇವಳನ್ನ ಕರ್ಕೊಂಡು ಹೋಗ್ತೀರಿ, ನಾನು ಒಬ್ಬಳೇ ಆಗ್ತೀನಿ ಅಂತ ಹೇಳಿದೆ. ಈಗ ಹೇಳ್ತೀನಿ, ಇವಳು ನಿಮ್ಮವಳು. ಹಾಕಿ ನೀರು. ಕರ್ಕೊಂಡು ಹೋಗಿ."

"ದೊಡ್ಡಮ್ಮ, ಮಲಗಿ. ಬಾಗಿಲು ತೆರೆದು ಚಳಿ ಒಳಗೆ ಬರ್ತಿದೆ," ಎಂದಳು ಅಕ್ಕ. ಕೈಯಲ್ಲಿ ಕೊಡಲಿ ಹಾಗೆಯೇ ಇತ್ತು.

"ಬಾಯಿ ಮುಚ್ಚೇ! ನಾನು ಸಾಕ್ಷಿ ಹೇಳ್ತಾ ಇದೀನಿ!"

ಪಾದ್ರಿಗಳು ಗಂಟು ಕೆಳಗಿಳಿಸಿದರು. "ತಂಗಿ, ಬೇಡ ಅಂದಿದ್ಯಂತೆ. ಈಗ ಯಾರ ಸಾವನ್ನೂ ಕಾಯಬೇಕಾಗಿಲ್ಲ. ಬೇಕಾ?"

ಅಕ್ಕ ಕೊಡಲಿ ಗೋಡೆಗೆ ಒರಗಿಸಿದಳು. "ಬೇಕು," ಎಂದಳು.

ನೀರಿನ ಜಾಡಿಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಹಿರಿಯ ಪಾಂಗ್ ಕೋಲಿನಿಂದ ಒಡೆಯಲು ನೋಡಿದರು, ಆಗಲಿಲ್ಲ. ಕಲ್ಲು ತಂದು ಒಡೆದರು. ಚೂರುಗಳನ್ನು ಬರಿಗೈಯಲ್ಲಿ ಎತ್ತೆತ್ತಿ ಹಾಕಿದರು. ಬೆರಳು ಕೊಯ್ದು ರಕ್ತ ಬಂತು, ಅದನ್ನು ಒಂದು ಚಿಂದಿಗೆ ಒರೆಸಿಕೊಂಡು ಬಟ್ಟಲಲ್ಲಿ ನೀರು ತುಂಬಿಸಿಕೊಟ್ಟರು. ಅಕ್ಕ ಹಿಮದ ಮೇಲೆ ಮೊಣಕಾಲೂರಿದಳು. ನಾವೆಲ್ಲ ಹೊರೆ ಹೊತ್ತುಕೊಂಡೇ ನಿಂತೆವು. ಇಳಿಸಿದರೆ ಮತ್ತೆ ಎತ್ತಲು ಹೊತ್ತಾಗುತ್ತದೆ. ಹಾಡು ಹೇಳಲಿಲ್ಲ. ದೂರದಲ್ಲಿ ಫಿರಂಗಿಯ ಸದ್ದು ಬರುತ್ತಿತ್ತು. ಪಾದ್ರಿಗಳು ತ್ರಿಯೇಕ ದೇವರ ಹೆಸರು ಹೇಳಿ ಮೂರು ಸಲ ನೀರು ಹಾಕಿದರು. ಕೂದಲಿನಿಂದ ಇಳಿದ ನೀರು ಕಿವಿಯ ಹತ್ತಿರ ಬರುವಷ್ಟರಲ್ಲಿ ಬೆಳ್ಳಗೆ ಗಟ್ಟಿಯಾಯಿತು.

"ಸರಿ, ನಡಿ ತಂಗಿ," ಎಂದರು ಪಾದ್ರಿಗಳು.

ಅಕ್ಕ ಎದ್ದು ಮೊಣಕಾಲಿನ ಹಿಮ ಕೊಡವಿಕೊಂಡಳು. ಸೀಳಿದ ಸೌದೆಗಳನ್ನು ಆಯ್ದು ತೋಳಿನ ಮೇಲೆ ಜೋಡಿಸಿಕೊಳ್ಳತೊಡಗಿದಳು.

ಒಳಗಿಂದ ದೊಡ್ಡಮ್ಮ ಕಿರುಚಿದಳು. "ಹೋಗೇ! ಹೋಗ್ತೀಯೋ ಇಲ್ವೋ, ದರಿದ್ರದವಳೇ! ಇನ್ನೂ ಏನು ಬೇಕು ನಿನಗೆ? ಹೇಳಿ ಆಯ್ತಲ್ಲ! ಹೋಗು!" ಅಳುತ್ತಾ ಬೈದಳು, ಬೈಯುತ್ತಾ ಅತ್ತಳು.

"ನಾನು ಎಲ್ಲಿಗೂ ಹೋಗಲ್ಲ ಅಂತ ಅವತ್ತೇ ಹೇಳಿರಲಿಲ್ವಾ ದೊಡ್ಡಮ್ಮ?" ಎಂದಳು ಅಕ್ಕ. ನಮ್ಮ ಕಡೆ ತಿರುಗಿ ಎಲ್ಲರಿಗೂ ಒಟ್ಟಿಗೆ ಒಂದು ನಮಸ್ಕಾರ ಮಾಡಿದಳು. ನನ್ನ ಬೆನ್ನಿನ ಮಗುವಿನ ಟೋಪಿ ಸರಿಮಾಡಿದಳು. "ಇಂಗ್ಯು ಸಿಕ್ರೆ ಅಮ್ಮ ಚೆನ್ನಾಗಿದಾರೆ ಅನ್ನು," ಎಂದಳು. ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ನಾವು ನಡೆದೆವು. ದಡ ಸೇರಲು ಪಟ್ಟ ಪಾಡು ಬೇರೆ ಕಥೆ. ಅತ್ತೆ ದಾರಿಯಲ್ಲೇ ತೀರಿಹೋದರು.

ಇಂಗ್ಯು ನನಗೆ ಸಿಗಲಿಲ್ಲ. ಗಡಿಯ ಆಚೆಯಿಂದ ಇಷ್ಟು ವರ್ಷವಾದರೂ ಒಂದು ಸುದ್ದಿಯೂ ಬಂದಿಲ್ಲ. ಹಿಂದೆ ಉಳಿದ ಸಭೆಯವರಿಗೆ ಏನಾಯಿತು ಎಂದು ಜನ ಏನೇನೋ ಹೇಳುತ್ತಾರೆ. ನಾನು ಕಿವಿ ಕೊಡುವುದಿಲ್ಲ, ಆದರೂ ಕೇಳಿಸುತ್ತದೆ.

ದ್ವೀಪದ ನಿರಾಶ್ರಿತರ ಡೇರೆಯಲ್ಲಿ ಈಸ್ಟರಿಗೆ, ನೀರು ಹಾಕಿಸಿಕೊಂಡವರಷ್ಟೇ ರೊಟ್ಟಿ ತಿನ್ನುವ ಪ್ರಭುಭೋಜನ ಮೊದಲ ಸಲ ನಡೆಯಿತು. ರೊಟ್ಟಿಗೆ ಗೋಧಿಯಿರಲಿಲ್ಲ, ಜೋಳದ ಹಿಟ್ಟು ಬೇಯಿಸಿದ್ದೆವು. ಹಿರಿಯ ಪಾಂಗ್ ತಟ್ಟೆ ಹಿಡಿದು ಹೆಂಗಸರ ಸಾಲಿನಲ್ಲಿ ಬಂದರು. ನನ್ನ ಮುಂದೆ ಬಂದವರು ಮುಂದೆ ಹೋಗಲಿಲ್ಲ. ನಾನು ತಲೆಯೆತ್ತಿ ನೋಡಿದೆ.

"ಅವಳಿಗೆ ನೀರು ಕೊಟ್ಟು ಬಂದ್ವಿ ಕಣಮ್ಮ," ಎಂದರು ಮೆಲ್ಲಗೆ. "ರೊಟ್ಟಿ ಕೊಡಲಿಲ್ಲ."